ಹದಿಹರೆಯದ ನೆಮ್ಮದಿಗೆ ಅಳತೆ ಯಾವುದು?

ಶ್ರೋತೃಗಳಿಗೆ ನಮಸ್ಕಾರ.

ಬೆಂಗಳೂರಿನ ಪ್ರೌಢಶಾಲೆಯಲ್ಲಿ ಓದುವ ಹುಡುಗಿಯೊಬ್ಬಳ ಗಣಿತದ ಅಂಕ, ಹಾಜರಾತಿ, ಬಾಕಿ ಉಳಿದ ಶುಲ್ಕ ಎಲ್ಲಕ್ಕೂ ದಾಖಲೆಯಿರುತ್ತದೆ. ಶಾಲೆ ತನ್ನದೆಂದು ಆಕೆಗೆ ಅನಿಸುತ್ತದೆಯೇ, ಮನೆಯಲ್ಲಿ ಆಕೆಯ ಮಾತಿಗೆ ಕಿವಿಗೊಡುವವರಿದ್ದಾರೆಯೇ ಎಂಬುದು ಮಾತ್ರ ಯಾವ ಪುಸ್ತಕದಲ್ಲಿಯೂ ಸೇರುವುದಿಲ್ಲ. ಮನಸ್ಸಿನ ವಿಷಯವನ್ನು ಅಳೆಯಲಾದೀತೇ ಎಂದು ಅನೇಕರು ಕೇಳುತ್ತಾರೆ. ಅಳೆಯಬಹುದು, ಅಳೆದಿದ್ದಾರೆ ಕೂಡ.

ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ‘ಆಡ್ ಹೆಲ್ತ್’ ಎಂಬ, ಹದಿಹರೆಯದವರ ಆರೋಗ್ಯ ಕುರಿತ ದೀರ್ಘಕಾಲದ ಅಧ್ಯಯನವನ್ನು ಆಧರಿಸಿ, ಸಂಶೋಧಕ ಮೈಕೆಲ್ ರೆಸ್ನಿಕ್ ಮತ್ತು ಸಂಗಡಿಗರು ಏಳರಿಂದ ಹನ್ನೆರಡನೇ ತರಗತಿಯವರೆಗಿನ 12,118 ಮಕ್ಕಳ ಉತ್ತರಗಳನ್ನು ಪರಿಶೀಲಿಸಿ 1997ರಲ್ಲಿ ವರದಿ ಪ್ರಕಟಿಸಿದರು. ಹೆತ್ತವರೊಡನೆ ಮತ್ತು ಶಾಲೆಯೊಡನೆ ಗಟ್ಟಿಯಾದ ಬಾಂಧವ್ಯವಿದೆ ಎಂದ ಮಕ್ಕಳಲ್ಲಿ ಮಾನಸಿಕ ಯಾತನೆ, ಆತ್ಮಹತ್ಯೆಯ ಯೋಚನೆ, ಹೊಡೆದಾಟ, ಮಾದಕ ವಸ್ತುಗಳ ಬಳಕೆ ಕಡಿಮೆಯಿದ್ದುದು ಅಲ್ಲಿ ಕಂಡುಬಂತು. ಕೇಳಿದ ಪ್ರಶ್ನೆಗಳು ಸರಳವಾದವು: ಶಾಲೆಯಲ್ಲಿರುವವರು ನಿನಗೆ ಹತ್ತಿರದವರೆನಿಸುತ್ತಾರೆಯೇ? ಶಿಕ್ಷಕರು ಎಲ್ಲರನ್ನೂ ನ್ಯಾಯವಾಗಿ ಕಾಣುತ್ತಾರೆಯೇ? ಅಪ್ಪ ಅಮ್ಮನಿಗೆ ನಿನ್ನ ಮೇಲೆ ಅಕ್ಕರೆ ಇದೆಯೇ? ಬೆಳಗ್ಗೆ ಏಳುವಾಗ, ಶಾಲೆಯಿಂದ ಬಂದಾಗ, ರಾತ್ರಿ ಊಟಕ್ಕೆ ಅವರು ಮನೆಯಲ್ಲಿರುತ್ತಾರೆಯೇ? ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ತಂದೆತಾಯಿಯರಿಗೆ ಈ ಕೊನೆಯ ಪ್ರಶ್ನೆ ಎಷ್ಟು ನೋವು ಕೊಡುತ್ತದೆಂದು ನಾನು ಬಲ್ಲೆ.

ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಬಿಹಾರದ ನಳಂದ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದು, 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾದ ‘ಸೆಹರ್’ ಪ್ರಯೋಗವು ಶಾಲೆಯ ವಾತಾವರಣವನ್ನೇ ಮುಖ್ಯ ಅಳತೆಯಾಗಿ ಇಟ್ಟುಕೊಂಡಿತ್ತು. ತರಬೇತಿ ಪಡೆದ ಆಪ್ತಸಲಹೆಗಾರರು ಮಕ್ಕಳ ಆರೋಗ್ಯಕ್ಕಾಗಿ ರೂಪಿಸಿದ ಕಾರ್ಯಕ್ರಮವನ್ನು ನಡೆಸಿದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿ, ಖಿನ್ನತೆಯೂ ಸಹಪಾಠಿಗಳ ಕಿರುಕುಳವೂ ತಗ್ಗಿದವು. ಅದೇ ಕಾರ್ಯಕ್ರಮವನ್ನು ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಇದರಲ್ಲಿ ಶಿಕ್ಷಕರನ್ನು ದೂರುವಂಥದ್ದೇನೂ ಇಲ್ಲ. ಪಾಠ, ಪರೀಕ್ಷೆ, ಗಣತಿಗಳ ಹೊರೆ ಹೊತ್ತವರಿಗೆ ಮತ್ತೊಂದು ಕೆಲಸ ವಹಿಸಿ ಫಲ ಬಯಸುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಅಳೆಯುವ ಕ್ರಮ ತಪ್ಪಿದರೆ ಉತ್ತರಗಳೂ ಹುಸಿಯಾಗುತ್ತವೆ. ಪ್ರಶ್ನೆಪತ್ರಿಕೆಯ ಮೇಲೆ ಹೆಸರು ಬರೆಸಿ, ತರಗತಿಯ ಶಿಕ್ಷಕರೇ ಬೆಂಚುಗಳ ನಡುವೆ ಓಡಾಡುತ್ತಿದ್ದರೆ, ಶಿಕ್ಷಕರು ನ್ಯಾಯವಾಗಿ ಕಾಣುತ್ತಾರೆಯೇ ಎಂಬ ಪ್ರಶ್ನೆಗೆ ಮಗು ‘ಹೌದು’ ಎಂದಲ್ಲದೆ ಇನ್ನೇನು ಗುರುತು ಹಾಕೀತು? ತಾಯಿಯನ್ನು ಕೇಳಿ ಮಗಳ ಪರವಾಗಿ ಉತ್ತರ ತುಂಬಿಕೊಳ್ಳುವುದೂ ಸಲ್ಲದು. ಮನೆಯಲ್ಲಿ ಅಕ್ಕರೆಯಿದ್ದೂ ಅದು ಮಗಳಿಗೆ ತಲುಪದಿರಬಹುದು, ಅಳೆಯಬೇಕಾದದ್ದು ತಲುಪಿದ್ದನ್ನೇ. ಖಿನ್ನತೆಯಲ್ಲಿರುವ ಮಗುವಿಗೆ ಒಳ್ಳೆಯ ಶಾಲೆಯೂ ಪರಕೀಯವೆನಿಸಬಹುದಾದ್ದರಿಂದ, ಒಂದೇ ದಿನದ ಉತ್ತರಗಳಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ತೀರ್ಮಾನಿಸಲಾಗದು. ಆದುದರಿಂದ ಅದೇ ಮಕ್ಕಳನ್ನು ಎಂಟನೇ ತರಗತಿಯಲ್ಲೊಮ್ಮೆ, ಹತ್ತನೆಯದರಲ್ಲೊಮ್ಮೆ ಕೇಳಬೇಕು. ಹೆಸರಿನ ಬದಲು ಗುಪ್ತ ಸಂಖ್ಯೆಯಿದ್ದರೆ ಸಾಕು.

ಇಂಥ ಪ್ರಶ್ನೆಗಳು ಕೆಲವು ಮಕ್ಕಳ ಸಂಕಟವನ್ನು ಹೊರತರುತ್ತವೆ. ನಮ್ಮ ನಿಮ್ಹಾನ್ಸ್ ಸಂಸ್ಥೆಯೂ ಪ್ರಮುಖ ಪಾತ್ರ ವಹಿಸಿರುವ ‘ಟೆಲಿ ಮಾನಸ್’ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಪ್ರಶ್ನೆಪತ್ರಿಕೆಯ ಕೆಳಗೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಒಟ್ಟು ಫಲಿತಾಂಶವನ್ನು ಪೋಷಕರ ಸಭೆಯಲ್ಲಿ ಓದಿ ಹೇಳಲಿ; ಶಾಲೆಗಳ ನಡುವೆ ಶ್ರೇಯಾಂಕ ಕಟ್ಟಲು ಮಾತ್ರ ಅದನ್ನು ಯಾರಿಗೂ ಕೊಡದಿರಲಿ.