ಮಗನ ನಂಬರ್ ಎಷ್ಟು?

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಹೋಳಿಗೆ ಬಡಿಸುವ ಹೊತ್ತಿಗೆ ಪಕ್ಕದ ಎಲೆಯ ಅಮ್ಮ ಮೆಲ್ಲ ಕೇಳಿದರು. "ನೀವು ನೇವಿಯಲ್ಲಿ ಇದ್ದವರಲ್ವಾ? ನಮ್ಮ ಸಣ್ಣವನಿಗೆ ನೇವಿ ಪೊಲೀಸ್ ಆಗಬೇಕಂತೆ. ಅರ್ಜಿ ಎಲ್ಲಿ ಹಾಕುವುದು?" ಎದುರು ಕುಳಿತಿದ್ದ ಅವರ ತಮ್ಮ ನಕ್ಕುಬಿಟ್ಟರು. "ನೇವಿಯಲ್ಲಿರುವ ದೊಡ್ಡವ ರಜೆಯಲ್ಲಿ ಬಂದಾಗೆಲ್ಲ ನೇವಿ ಪೊಲೀಸ್ ಹಿಡಿದುಕೊಂಡು ಹೋದರೆ ಅಂತ ಹೆದರುವವಳು ಇವಳೇ!"

ನಾನು 15 ವರ್ಷ ನೌಕಾಪಡೆಯಲ್ಲಿದ್ದವನು. ಪೊಲೀಸ್ ಅಲ್ಲ, ಸಿಗ್ನಲ್ ಕೆಲಸ. ಆದರೆ ಊರಿನಲ್ಲಿ ಇಂಥ ಪ್ರಶ್ನೆ ಬಂದರೆ ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕರಾವಳಿಯಲ್ಲಿ ಕಾಕಿ, ಬಿಳಿ, ನೀಲಿ ಯಾವ ಸಮವಸ್ತ್ರ ಕಂಡರೂ ನೇವಿ ಪೊಲೀಸ್ ಅನ್ನುತ್ತೇವೆ. ಬೇಕಲದಲ್ಲಿ ಬೋಟು ಇಟ್ಟುಕೊಂಡಿರುವುದು ಕೋಸ್ಟಲ್ ಪೊಲೀಸ್, ಅವರು ಕೇರಳ ಸರ್ಕಾರದವರು. ಕೋಸ್ಟ್ ಗಾರ್ಡ್ ಬೇರೆಯೇ ಪಡೆ, ಅದಕ್ಕೆ 1978ರ ಬೇರೆ ಕಾಯ್ದೆಯೇ ಉಂಟು. ಇನ್ನು ನೌಕಾನೆಲೆಯ ಗೇಟಿನಲ್ಲಿ ಬಂದೂಕು ಹಿಡಿದು ನಿಂತ, ಮೀಸೆ ಬೆಳ್ಳಗಾದ ಜವಾನರನ್ನು ನೋಡಿದ್ದೀರಲ್ವಾ? ಅವರು ಹೆಚ್ಚಿನವರು ನಿವೃತ್ತರಾಗಿ ಮತ್ತೆ ಸೇರಿದ ಸೈನಿಕರು. ಡಿಫೆನ್ಸ್ ಸೆಕ್ಯುರಿಟಿ ಕೋರ್ ಅಂತ ಹೆಸರು. ಅದರ ಕೇಂದ್ರ ಇರುವುದು ನಮ್ಮ ಪಕ್ಕದ ಕಣ್ಣೂರಿನಲ್ಲೇ.

ನಿಜವಾದ ನೇವಿ ಪೊಲೀಸ್ ಅಂದರೆ ರೆಗ್ಯುಲೇಟಿಂಗ್ ಶಾಖೆಯ ನಾವಿಕರು. ಹಡಗಿನಲ್ಲಿ ಇವರ ಹಿರಿಯನಿಗೆ ಮಾಸ್ಟರ್ ಅಟ್ ಆರ್ಮ್ಸ್ ಅಂತಾರೆ. ಯಾರು ಹೊರಗೆ ಹೋದರು, ಯಾರು ಬರಲಿಲ್ಲ, ಯಾರು ಕುಡಿದು ಜಗಳ ಮಾಡಿದರು, ಎಲ್ಲ ಲೆಕ್ಕ ಇವರದು. ಪೇಟೆಯಲ್ಲಿ ಗಸ್ತು ತಿರುಗುವಾಗಲೂ ಇವರ ಅಧಿಕಾರ ನಾವಿಕರ ಮೇಲೆ. ನಿಮ್ಮ ಮೇಲೆ, ನನ್ನ ಮೇಲೆ ಅಲ್ಲ.

ಸಣ್ಣವನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ನೌಕಾಪಡೆಯಲ್ಲಿ ಹುಡುಗರು ಮೊದಲ ದಿನವೇ ಮಾಸ್ಟರ್ ಅಟ್ ಆರ್ಮ್ಸ್ ಕೆಲಸ ಆರಿಸಿಕೊಂಡು ಸೇರಬಹುದು. ಅದಕ್ಕೆ ಟೆಕ್ಸಾಸ್‌ನಲ್ಲಿ ಬೇರೆ ತರಬೇತಿ ಶಾಲೆಯೂ ಉಂಟು. ಇಂಟರ್‌ನೆಟ್ಟಿನಲ್ಲಿ ಹುಡುಗರು ನೋಡುವುದು ಅದನ್ನೇ. ನಮ್ಮಲ್ಲಿ ಹಾಗಲ್ಲ. ಮೊದಲು ನಾವಿಕನಾಗಬೇಕು. ಕೆಲವು ವರ್ಷ ದುಡಿದು, ಒಳ್ಳೆಯ ಹೆಸರು ಉಳಿಸಿಕೊಂಡು, ಆಮೇಲೆ ಶಾಖೆ ಬದಲಿಸಲು ಕೇಳಿಕೊಳ್ಳಬೇಕು. ಈಗ 2022ರಿಂದ ನಾವಿಕನಾಗುವ ದಾರಿ ಅಗ್ನಿವೀರ. ಒಡಿಶಾದ ಚಿಲ್ಕಾದಲ್ಲಿ ತರಬೇತಿ, ಒಟ್ಟು 4 ವರ್ಷ, ಮುಂದೆ ಉಳಿಯುವುದು ಹೆಚ್ಚೆಂದರೆ 100ಕ್ಕೆ 25 ಮಂದಿ. ಮೊದಲ ವರ್ಷ ತಿಂಗಳ ಸಂಬಳ 30,000 ರೂಪಾಯಿ ಅಂದರೂ ಕೈಗೆ ಬರುವುದು 21,000. ಉಳಿದದ್ದು ಸೇವಾನಿಧಿಗೆ, ಅಂದರೆ 4 ವರ್ಷ ಮುಗಿದಾಗ ಒಟ್ಟಿಗೆ ಕೊಡುವ ಹಣಕ್ಕೆ.

ಹಾಗಾಗಿ ಆ ಅಮ್ಮನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಹುಡುಗನಿಗೆ ಸಮುದ್ರ ಬೇಕಿದ್ದರೆ ನೇವಿಗೆ ಕಳಿಸಿ. ಪೊಲೀಸ್ ಕೆಲಸವೇ ಬೇಕಿದ್ದರೆ ಕೇರಳ ಪಿ.ಎಸ್.ಸಿ. ಬರೆಯಲಿ, ಅಲ್ಲಿ ಕನ್ನಡದ ಪ್ರಶ್ನೆಪತ್ರಿಕೆಯೂ ಸಿಗುತ್ತದೆ. ನೇವಿಯ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂ ಮಕ್ಕಳು ಅದಕ್ಕೆ ಮೊದಲೇ ತಯಾರಾಗಬೇಕು.

ದೊಡ್ಡವನನ್ನು ಹಿಡಿಯುತ್ತಾರಾ ಅನ್ನುವ ಹೆದರಿಕೆಗೆ ನನ್ನದೇ ಕತೆ ಹೇಳುತ್ತೇನೆ. 1980ರ ದಶಕ, ಆಟಿ ತಿಂಗಳು. ರಜೆ ಮುಗಿಯುವ ದಿನ ಅಮ್ಮನಿಗೆ ಜ್ವರ ಏರಿತು. ಎರಡು ದಿನ ತಡವಾಗಿ ಕೊಚ್ಚಿಗೆ ಹೋದೆ. ಮರುದಿನ ಬೆಳಿಗ್ಗೆ ಅಧಿಕಾರಿಯ ಮೇಜಿನ ಎದುರು ನಿಲ್ಲಿಸಿದರು. ಮಾಸ್ಟರ್ ಅಟ್ ಆರ್ಮ್ಸ್ ಗಂಟಲು ಹರಿಯುವ ಹಾಗೆ ಕೂಗಿದರು, "ಆಫ್ ಕ್ಯಾಪ್!" ಟೋಪಿ ತೆಗೆದು ಕೈಯಲ್ಲಿ ಹಿಡಿದೆ. ತಲೆಗೆ ತಣ್ಣಗೆ ಗಾಳಿ ಬಡಿದದ್ದು ಈಗಲೂ ನೆನಪುಂಟು. ಎರಡು ವಾರ ಹಡಗು ಬಿಟ್ಟು ಇಳಿಯುವಂತಿಲ್ಲ ಅಂತ ಶಿಕ್ಷೆಯಾಯಿತು. ಹೊರಗೆ ಬಂದ ಮೇಲೆ ಅದೇ ಮನುಷ್ಯ ಕರೆದು ಕೇಳಿದ್ದು ಒಂದೇ ಪ್ರಶ್ನೆ. "ನಿನ್ನ ಮನೆಗೆ ಹತ್ತಿರದ ತಂತಿ ಆಫೀಸು ಯಾವುದು?" ಕುಂಬಳೆ ಅಂದೆ. ಎಷ್ಟು ದೂರ ಅಂದರು. ಆರು ಮೈಲಿ ಅಂದೆ. "ಆರು ಮೈಲಿ ನಡೆಯಲು ಸೋಮಾರಿತನ ಮಾಡಿ ಟೋಪಿ ತೆಗೆದೆಯಲ್ಲ ಮಾರಾಯ" ಅನ್ನುವ ಅರ್ಥದ ಏನನ್ನೋ ಹಿಂದಿಯಲ್ಲಿ ಬೈದರು. ಜೊತೆಗೆ ಎರಡು ಕೆಟ್ಟ ಶಬ್ದಗಳಿದ್ದವು, ಅವು ಬಾನುಲಿಗೆ ಬೇಡ.

ಈಗ ತಂತಿ ಇಲ್ಲ, 2013ರಲ್ಲೇ ನಿಂತಿತು. ಆದರೆ ಮಾಡಬೇಕಾದದ್ದು ಅದೇ. ರಜೆಯಲ್ಲಿ ಹುಡುಗನಿಗೆ ಕಾಯಿಲೆ ಬಂದರೆ ಕಣ್ಣೂರಿನ ಮಿಲಿಟರಿ ಆಸ್ಪತ್ರೆಗೆ, ಆಗದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಅವತ್ತೇ ಹಡಗಿಗೆ ತಿಳಿಸಿ. ಸುಮ್ನೆ ಮನೆಯಲ್ಲಿ ಅಡಗಿ ಕೂರಬೇಡಿ. ತಿಳಿಸದೆ ದಿನ ಕಳೆದರೆ ಮನೆ ಬಾಗಿಲಿಗೆ ಬರುವುದು ನೇವಿಯವರಿಗಿಂತ ಮೊದಲು ನಮ್ಮ ಠಾಣೆಯ ಪೊಲೀಸರೇ.

ಇನ್ನು ಜಾಸ್ತಿ ಬರುವ ಪ್ರಶ್ನೆ, ಮಗ ಫೋನು ಮಾಡುವುದಿಲ್ಲ, ಏನಾದರೂ ತಪ್ಪು ಮಾಡಿದನಾ ಅಂತ. 2019ರಲ್ಲಿ ಬೇಹುಗಾರಿಕೆಯ ಪ್ರಕರಣದಲ್ಲಿ ಕೆಲವು ನಾವಿಕರು ಸಿಕ್ಕಿಬಿದ್ದರು. ಆ ವರ್ಷದ ಕೊನೆಗೆ ಹಡಗು, ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ಬೇಡ, ಫೇಸ್‌ಬುಕ್ ಬೇಡ ಅಂತ ನೌಕಾಪಡೆ ಆದೇಶ ಹೊರಡಿಸಿತು. ಹಡಗು ಸಮುದ್ರದಲ್ಲಿದ್ದರೆ ಸಿಗ್ನಲ್ ಕೂಡ ಇಲ್ಲ. ನೀವೂ ಒಂದು ಉಪಕಾರ ಮಾಡಬೇಕು. ಅವನ ಹಡಗು ಯಾವಾಗ ಹೊರಡುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ವಿಚಾರಣೆಗೆ ಕೂರಬೇಕಾದವನು ಅವನು.

ಸೊಸೆಯಂದಿರು ಕೇಳುವುದು ಮಾತ್ರ ಬೇರೆ, ಅದೂ ಅತ್ತೆ ಒಳಗೆ ಹೋದ ಮೇಲೆ. ಗಂಡ ದುಡ್ಡು ಕಳಿಸುವುದಿಲ್ಲ, ನೇವಿ ಪೊಲೀಸಿಗೆ ಹೇಳಬಹುದಾ? ಪೊಲೀಸಿಗಲ್ಲ, ಅವನ ಕಮಾಂಡಿಂಗ್ ಅಧಿಕಾರಿಗೆ ಬರೆಯಿರಿ. ಹೆಂಡತಿ ಮಕ್ಕಳ ಖರ್ಚಿಗೆ ನಾವಿಕನ ಸಂಬಳದಿಂದಲೇ ಹಣ ಕಡಿತ ಮಾಡಿಸುವ ದಾರಿ ನೌಕಾಪಡೆಯ ನಿಯಮದಲ್ಲಿ ಉಂಟು. ನಾವಿಕರ ಮನೆಯವರದೇ ಒಂದು ಸಂಘವೂ ಉಂಟು, ಎನ್.ಡಬ್ಲ್ಯು.ಡಬ್ಲ್ಯು.ಎ. ಅಂತ. ಪತ್ರ ಬರೆಯಲು ಗೊತ್ತಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ.

ಆದರೆ ಎಲ್ಲಿಗೆ ಬರೆದರೂ, ಯಾವ ಗೇಟಿಗೆ ಫೋನು ಮಾಡಿದರೂ ಮೊದಲು ಕೇಳುವುದು ಒಂದೇ, ನಾವಿಕನ ನಂಬರ್. ಒಂದೇ ಹೆಸರಿನವರು ನೆಲೆಯಲ್ಲಿ ಹತ್ತು ಮಂದಿ ಇರುತ್ತಾರೆ. ಬಿಳಿ ಬಣ್ಣದ ಮಗ, ಕಾಸರಗೋಡಿನವ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಮದುವೆ ಮನೆಯಲ್ಲಿ ಆ ಅಮ್ಮನಿಗೂ ಅದನ್ನೇ ಕೇಳಿದೆ. "ನಂಬರಾ? ಮೊಬೈಲ್ ನಂಬರ್ ಉಂಟು" ಅಂದರು. ಸಂಜೆ ಮನೆಗೆ ಹೋಗಿ ಮಗನ ಹಳೆಯ ಲಕೋಟೆ ಹುಡುಕಿ, ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ನನಗೆ ಫೋನು ಮಾಡಿ ಒಂದೊಂದೇ ಅಂಕಿ ಓದಿ ಹೇಳಿದರು. ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರಬೇಕಲ್ಲ ಅಂದೆ.

"ಅದು ಅವನ ಇನಿಶಿಯಲ್ ಅಂತ ಬಿಟ್ಟೆ" ಅಂದರು. ಅದನ್ನೂ ಬರೆಸಿದೆ.