ಉಪ್ಪುನೀರಿನ ಅಕ್ವೇರಿಯಂನಿಂದ ಸಿಹಿನೀರಿಗೆ: ಇದು ಸೋಲಲ್ಲ, ಹೊಸ ಆರಂಭ

ಮನೆಯ ಉಪ್ಪುನೀರಿನ ಅಕ್ವೇರಿಯಂ ನಿಲ್ಲಿಸಿ ಸಿಹಿನೀರಿನ ಮೀನು ಸಾಕಲು ಹೊರಟವರನ್ನು ಮುಂಬಯಿಯ ಹವ್ಯಾಸಿಗಳಲ್ಲಿ ಕೆಲವರು ಸೋತು ಹಿಂದೆ ಸರಿದವರಂತೆ ನೋಡುತ್ತಾರೆ. ಈ ನೋಟಕ್ಕೆ ನನ್ನ ಒಪ್ಪಿಗೆಯಿಲ್ಲ. ಮೂರು ಕಡೆ ಕಡಲಿದ್ದರೂ ಈ ಊರಿನ ದಡದ ಕೊಳಕು ನೀರನ್ನು ಟ್ಯಾಂಕಿಗೆ ತುಂಬುವಂತಿಲ್ಲ. ಅಕ್ವೇರಿಯಂಗೆಂದೇ ಮಾರುವ ಪ್ಯಾಕೆಟ್ಟಿನ ಕಡಲುಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ, ಆರ್‌ಒ ಯಂತ್ರದಲ್ಲಿ ಶುದ್ಧಮಾಡಿದ ನೀರಿಗೆ ಬೆರೆಸಬೇಕು, ಆ ಯಂತ್ರ ಚರಂಡಿಗೆ ಬಿಡುವ ನೀರನ್ನು ಸಹಿಸಿಕೊಳ್ಳಬೇಕು, ಮೇ ತಿಂಗಳ ಸೆಕೆಯಲ್ಲಿ ಟ್ಯಾಂಕನ್ನು 26 ಡಿಗ್ರಿಯ ಆಸುಪಾಸಿನಲ್ಲಿಡಲು ಹಗಲೂ ರಾತ್ರಿ ನೀರು ತಂಪುಮಾಡುವ ಚಿಲ್ಲರ್ ಓಡಿಸಬೇಕು. ಇಷ್ಟೆಲ್ಲ ಮಾಡಿದರೂ ಮನೆಯಲ್ಲಿ ಹವಳದ ತೋಟ ಬೆಳೆಸುವ ಕನಸಿಗೆ ಕಾನೂನೇ ಅಡ್ಡ ನಿಲ್ಲುತ್ತದೆ. ದಿಬ್ಬ ಕಟ್ಟುವ ಹವಳಗಳೂ ಕಡಲಕುದುರೆಗಳೂ 2001ರಲ್ಲಿಯೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿವೆ.

ಆದ್ದರಿಂದ ಬದಲಾವಣೆ ಸರಿಯಾದದ್ದೇ. ಆದರೆ ಅದನ್ನು ಬರೀ ನೀರು ಬದಲಿಸುವ ಕೆಲಸವೆಂದು ತಿಳಿಯುವುದನ್ನು ನಾನು ಒಪ್ಪುವುದಿಲ್ಲ. ಕಡಲಮೀನು ನೀರು ಕುಡಿದು ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರಹಾಕುವ ದೇಹವುಳ್ಳದ್ದು. ಸಿಹಿನೀರಿನ ಮೀನು ಇದಕ್ಕೆ ಪೂರ್ತಿ ವಿರುದ್ಧವಾಗಿ, ಒಳಗೆ ನುಗ್ಗುವ ನೀರನ್ನು ತೆಳುವಾದ ಮೂತ್ರವಾಗಿ ಹೊರಹಾಕುತ್ತ ಬದುಕುತ್ತದೆ. ಮೋಲಿಯಂಥ ಕೆಲವೇ ಮೀನುಗಳು ಎರಡಕ್ಕೂ ಒಗ್ಗಿಕೊಳ್ಳುತ್ತವೆ. ನಿಮ್ಮ ಕಡಲಟ್ಯಾಂಕಿನ ಕ್ಲೌನ್‌ಫಿಶ್ ಒಗ್ಗುವುದಿಲ್ಲ, ಎಷ್ಟು ನಿಧಾನವಾಗಿ ಉಪ್ಪು ಇಳಿಸಿದರೂ ಒಗ್ಗುವುದಿಲ್ಲ. ಟ್ಯಾಂಕ್ ಖಾಲಿ ಮಾಡುವ ಮೊದಲೇ ಕಡಲಮೀನುಗಳಿಗೆ ಇನ್ನೊಬ್ಬ ಹವ್ಯಾಸಿಯ ಮನೆ ಹುಡುಕಿರಿ; ಮರೀನ್ ಡ್ರೈವಿನಿಂದ ಕಡಲಿಗೆ ಬಿಡುವ ಪುಣ್ಯಕಾರ್ಯ ಬೇಡ, ಅಂಗಡಿಯ ಮೀನುಗಳಲ್ಲಿ ಹೆಚ್ಚಿನವು ಈ ದಡದವಲ್ಲ.

ಮೀನಿಗಿಂತ ಹೆಚ್ಚಾಗಿ ಜನ ಮರೆಯುವುದು ಕಲ್ಲು ಮತ್ತು ಮರಳನ್ನು. ಲೈವ್ ರಾಕ್ ಎಂಬ, ಜೀವಿಗಳು ನೆಲೆಸಿದ ಕಡಲಕಲ್ಲಿನ ರಂಧ್ರಗಳಲ್ಲಿ ಬದುಕಿದ್ದ ಹುಳು, ಸ್ಪಂಜು, ಪಾಚಿಗಳು ಸಿಹಿನೀರಿನಲ್ಲಿ ಸತ್ತು ಕೊಳೆತು ಅಮೋನಿಯಾ ಬಿಡುತ್ತವೆ. ಹವಳದ ಮರಳು ನಿಧಾನವಾಗಿ ಕರಗುತ್ತ ನೀರಿನ ಗಡಸುತನವನ್ನೂ ಪಿಎಚ್ (ಕ್ಷಾರತೆಯ ಅಳತೆ) ಅನ್ನೂ ಏರಿಸಿಡುತ್ತದೆ. ಪಿಎಚ್ ಏರಿದಂತೆ, ನೀರು ಬಿಸಿಯಾದಂತೆ ಅದೇ ಅಮೋನಿಯಾದ ವಿಷ ಇನ್ನೂ ತೀಕ್ಷ್ಣವಾಗುತ್ತದೆ. ಆಫ್ರಿಕಾದ ಮಲಾವಿ, ಟ್ಯಾಂಗನ್ಯೀಕಾ ಸರೋವರಗಳ, ಗಡಸು ನೀರಿಗೆ ಒಗ್ಗಿದ ಸಿಕ್ಲಿಡ್ ಮೀನುಗಳನ್ನು ಸಾಕುವುದಾದರೆ ಮಾತ್ರ ಚೆನ್ನಾಗಿ ತೊಳೆದ ಹವಳದ ಮರಳು ಉಪಯೋಗಕ್ಕೆ ಬರುತ್ತದೆ. ಅಮೋನಿಯಾವನ್ನು ತಿಂದುಹಾಕುವ ಹಳೆಯ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ನಂಬುವಂತಿಲ್ಲ: ಉಪ್ಪುನೀರಿಗೆ ಒಗ್ಗಿದವು ಈ ನೀರಿನಲ್ಲಿ ಕೆಲಸಮಾಡುವುದಿಲ್ಲ, ಸೈಕ್ಲಿಂಗ್, ಅಂದರೆ ಇಂಥ ಬ್ಯಾಕ್ಟೀರಿಯಾ ಬೆಳೆಸುವ ಕೆಲಸ, ಮೊದಲಿನಿಂದ ನಡೆಯಬೇಕು, ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕುರ್ಲಾದ ಅಂಗಡಿಯವನು ಹೊಸ ಮೀನಿನ ಚೀಲ ಕೈಗೆ ಕೊಡುವಾಗ ಇದನ್ನು ಹೇಳುವುದು ಅಪರೂಪ. ಹಿಂದೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕಾದರೆ ಸೀಗಡಿ, ಬಸವನಹುಳುಗಳನ್ನು ತರುವ ಮುನ್ನ ನೀರನ್ನು ಪರೀಕ್ಷಿಸಿ ನೋಡಬೇಕು, ತಾಮ್ರ ಅವುಗಳಿಗೆ ವಿಷ. ನೊರೆಯ ಜೊತೆ ಕೊಳೆಯನ್ನು ಎತ್ತಿ ತೆಗೆಯುವ ಪ್ರೊಟೀನ್ ಸ್ಕಿಮ್ಮರ್ ಸಿಹಿನೀರಿನಲ್ಲಿ ಸರಿಯಾಗಿ ನೊರೆ ಕಟ್ಟುವುದಿಲ್ಲ, ಅದನ್ನು ಮಾರಿಬಿಡಿ. ಗಾಜು, ಸ್ಟ್ಯಾಂಡ್, ಹೆಚ್ಚೆಂದರೆ ಒಂದು ಪಂಪು ಉಳಿಯಬಹುದು.

ಇಷ್ಟಾದ ಮೇಲೆ ಸಿಗುವುದೇನು ಎಂಬುದನ್ನೂ ಹೇಳಬೇಕು. ಭಾತ್ಸಾ, ವೈತರಣಾ, ತಾನಸಾ ಜಲಾಶಯಗಳ ಮಳೆನೀರು ನಮ್ಮ ನಲ್ಲಿಗಳಿಗೆ ಬರುತ್ತದೆ. ಕ್ಲೋರಿನ್ ತೆಗೆಯಲು ಆಂಟಿಕ್ಲೋರಿನ್ ಹಾಕಿದರೆ ಬಹುತೇಕ ಮೀನುಗಳಿಗೆ ಅದು ಸಾಕು, ಸೊಸೈಟಿಗೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುತ್ತಿದ್ದರೆ ಮಾತ್ರ ಗಡಸುತನ ನೋಡಿಕೊಳ್ಳಬೇಕು. ಉಪ್ಪುನೀರಿನ ಟ್ಯಾಂಕಿಗೆ ಶತ್ರುವಾಗಿದ್ದ ಸೆಕೆ ಏಂಜೆಲ್ ಮತ್ತು ಡಿಸ್ಕಸ್ ಮೀನುಗಳಿಗೆ ಹಿತ, 28ರಿಂದ 30 ಡಿಗ್ರಿ ನೀರಿನಲ್ಲಿ ಡಿಸ್ಕಸ್ ಚೆನ್ನಾಗಿ ಮೇಯುತ್ತದೆ. ತಂಪು ಬಯಸುವ ಗೋಲ್ಡ್‌ಫಿಶ್ ಅನ್ನು ಚಿಲ್ಲರ್ ಇಲ್ಲದ ಮನೆಗೆ ನಾನು ಸೂಚಿಸಲಾರೆ. ಪಶ್ಚಿಮಘಟ್ಟದ ಮಿಸ್ ಕೇರಳ ಮೀನನ್ನೂ ಅಷ್ಟೇ: ಅಳಿವಿನಂಚಿನಲ್ಲಿರುವ ಆ ಮೀನಿಗೆ ತಂಪಾದ ಹರಿಯುವ ನೀರು ಬೇಕು. ನಮ್ಮದೇ ಕರಾವಳಿಯ ಆರೆಂಜ್ ಕ್ರೋಮೈಡ್ ಮೀನು ಬೆಚ್ಚಗಿನ ನೀರಿಗೆ ಹೊಂದುತ್ತದೆ, ಬೆಲೆಯೂ ಹೆಚ್ಚಿಲ್ಲ, ಹೆತ್ತವರಿಬ್ಬರೂ ಮರಿಗಳನ್ನು ಕಾಯುವುದನ್ನು ಮನೆಯಲ್ಲೇ ನೋಡಬಹುದು.