ಸಂದಿನ ಮೇಲೆ ಸಂದು ಬರಬಾರದು

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಲೆಗೋ ಎಂಬ ಆಟಿಕೆ ಇಟ್ಟಿಗೆಗಳಲ್ಲಿ ನೀವು ಕಟ್ಟಿದ ಒಂದೊಂದು ಊರಿನ ಮುಂದೂ ನಿಂತು ನೋಡಿದೆ. ಕಿಟಕಿ, ಬಾಲ್ಕನಿ, ಬೀದಿದೀಪ, ಕಣ್ಣಿಗೆ ಹಬ್ಬ. ಕೈ ತಡೆಯದೆ ಒಂದೆರಡು ಮೇಜು ಮೆಲ್ಲಗೆ ಅಲುಗಿಸಿದೆ, ಕ್ಷಮಿಸಿ. ಗೋಪುರಗಳು ತಲೆದೂಗಿದವು! ಅದಕ್ಕೇ ಇವತ್ತು ತಳದ ಮಾತು.

ನನ್ನ ಮೊದಲ ಲೆಗೋ ಊರು ಎರಡು ಬೇಸ್‌ಪ್ಲೇಟ್‌ಗಳದು, ಅಂದರೆ ಊರನ್ನು ಕೂರಿಸುವ ತಳದ ಹಲಗೆಗಳದು. ಒಂದೊಂದರಲ್ಲೂ ಉದ್ದಕ್ಕೂ ಅಗಲಕ್ಕೂ 32 ಸ್ಟಡ್, ಅಂದರೆ ಇಟ್ಟಿಗೆ ಕಚ್ಚಿಕೊಳ್ಳುವ ಪುಟ್ಟ ಉಬ್ಬು. ಸ್ಟಡ್‌ನಿಂದ ಸ್ಟಡ್‌ಗೆ 8 ಮಿಲಿಮೀಟರ್, ಅಂದರೆ ಒಂದೊಂದೂ ಹೆಚ್ಚುಕಡಿಮೆ ಕಾಲು ಮೀಟರ್. ಗಡಿಯಾರದ ಗೋಪುರವನ್ನು ಎರಡು ಹೋಳಾಗಿ ಕಟ್ಟಿ, ಪ್ಲೇಟ್‌ಗಳು ಕೂಡುವಲ್ಲಿ ಒಂದಕ್ಕೊಂದು ಒತ್ತಿ ನಿಲ್ಲಿಸಿದ್ದೆ. ದಸರಾ ಗೊಂಬೆ ಕೂರಿಸುವಾಗ ಮೇಜು ನಡುಮನೆಗೆ ಸರಿಸಿದೆವು. ಗೋಪುರ ತೆಂಗಿನಕಾಯಿಯಂತೆ ಎರಡು ಹೋಳು.

ಸೋದರಮಾವ ಬಂದಿದ್ದರು. ಗಾರೆ ಕೆಲಸದವರು. ಬಿದ್ದ ಇಟ್ಟಿಗೆಗಳ ಕಡೆ ನೋಡಲೇ ಇಲ್ಲ. ಬಗ್ಗಿ, ತಳದಲ್ಲಿ ಬೆರಳಾಡಿಸಿ, "ಲೋ, ಸಂದಿನ ಮೇಲೆ ಸಂದು ತಂದಿದ್ದೀಯಲ್ಲೋ! ಕೆಳಗಿಂದ ಮೇಲಿನವರೆಗೂ ಒಂದೇ ಗೀಟು. ಹಿಂಗೆ ಗೋಡೆ ಕಟ್ಟಿದ್ರೆ ಮೇಸ್ತ್ರಿ ನನ್ನ ಕೈಗೆ ಕರಣೆ ಕೊಡ್ತಿದ್ನಾ?" ಎಂದರು. ಆಮೇಲೆ ಕಾಫಿ ಆರುವವರೆಗೂ ನೆಲದ ಮೇಲೆ ಕೂತು, ನನ್ನ ಕೈಯಿಂದಲೇ ಮೊದಲ ವರಸೆ, ಅಂದರೆ ಇಟ್ಟಿಗೆಯ ಮೊದಲ ಸಾಲು, ಕಟ್ಟಿಸಿದರು.

ಬೇಸ್‌ಪ್ಲೇಟಿನ ಅಡಿ ಬೋಳು. ಕೆಳಗಿನಿಂದ ಅದನ್ನು ಯಾವ ಇಟ್ಟಿಗೆಯೂ ಹಿಡಿಯುವುದಿಲ್ಲ, ಹಿಡಿತವೆಲ್ಲ ಮೇಲಿನಿಂದಲೇ ಬರಬೇಕು. ಮೊದಲ ವರಸೆಯ ಇಟ್ಟಿಗೆಗಳು ಸಂದಿಗೆ ಅಡ್ಡ ಕೂರಲಿ, ಅರ್ಧ ಈಚೆ, ಅರ್ಧ ಆಚೆ. ಎರಡನೇ ವರಸೆ ಮೊದಲನೆಯದರ ಸಂದುಗಳನ್ನು ಮುಚ್ಚಲಿ. ಅದರ ಮೇಲೆ ಉದ್ದನೆಯ ಪ್ಲೇಟ್, ಅಂದರೆ ತೆಳು ಇಟ್ಟಿಗೆ, ಹಾಸಿ, ರಸ್ತೆ ಮಾಡಿ. ಇಂಥ ಮೂರು ಪ್ಲೇಟ್ ಒಂದರ ಮೇಲೊಂದು ಸೇರಿದರೆ ಒಂದು ಇಟ್ಟಿಗೆಯ ಎತ್ತರ, 9.6 ಮಿಲಿಮೀಟರ್, ಆದ್ದರಿಂದ ಮಟ್ಟ ಕೆಡುವ ಭಯವಿಲ್ಲ. ಇಡೀ ಊರಿನಡಿ ಪ್ಲೈವುಡ್ ಇರಲಿ.

"ಗೋಂದು ಹಾಕಿದರಾಯಿತಲ್ಲ ಸಾರ್" ಎನ್ನುತ್ತೀರಿ. ಡೆನ್ಮಾರ್ಕಿನ ಬಿಲುಂಡ್‌ನಲ್ಲಿ 1968ರಲ್ಲಿ ತೆರೆದ ಲೆಗೋಲ್ಯಾಂಡ್ ಎಂಬ ವಿನೋದ ಉದ್ಯಾನದ ಪುಟ್ಟ ಊರುಗಳು ಬಯಲಲ್ಲಿ ನಿಂತಿವೆ, ಗಾಳಿಮಳೆಗೆ ಅಂಟು ಬೇಕು. ಮನೆಯೊಳಗಿನ ಊರಿಗೆ ಯಾಕೆ? ಅಂಟಿಸಿದ ಇಟ್ಟಿಗೆ ಮತ್ತೆ ಇಟ್ಟಿಗೆಯಾಗುವುದಿಲ್ಲ. ನಾಳೆ ಅದೇ ಗೋಪುರ ಮಗುವಿನ ಕೈಯಲ್ಲಿ ಸೇತುವೆಯಾಗಬೇಕು. ಸಂದಿನ ಮೇಲೆ ಸಂದು ಬರದಿದ್ದರೆ ಗೋಂದಿನ ಕೆಲಸವೇ ಇಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಎತ್ತರದ ಕಟ್ಟಡಕ್ಕೆ ಒಳಗೆ ಅಡ್ಡಗೋಡೆ ಕೊಡಿ, ಟೊಳ್ಳು ಬಿಡಬೇಡಿ. ಸಾಗಿಸಬೇಕಾದ ಊರನ್ನು ತುಂಡುತುಂಡಾಗಿ ಕಟ್ಟಿ, ತುಂಡುಗಳನ್ನು ಪಿನ್‌ನಿಂದ ಕೂಡಿಸಿ; 2007ರಿಂದ ಬರುತ್ತಿರುವ ಲೆಗೋದ ಮಾಡ್ಯುಲರ್ ಕಟ್ಟಡಗಳು, ಅಂದರೆ ಜೋಡಿಸಬಹುದಾದ ಬಿಡಿ ಕಟ್ಟಡಗಳು, ಹಾಗೆಯೇ ಪಕ್ಕಪಕ್ಕ ಸೇರುತ್ತವೆ. ಕಿಟಕಿಯ ಬಿಸಿಲಿಗೆ ಇಡಬೇಡಿ, ಬಿಳಿ ಇಟ್ಟಿಗೆ ಹಳದಿಯಾಗುತ್ತದೆ.

ಮಾವ ಕಲಿಸಿದಂತೆ ಕಟ್ಟಿದ ಗೋಪುರ ಇಲ್ಲೇ ಮೇಜಿನ ಮೇಲಿದೆ. ಮುಂದಿನ ಸಾಲಿನ ಪುಟ್ಟಿ, ನೀನೇ ಬಾ. ಮೇಜಿನ ಕಾಲು ಹಿಡಿದು ಜೋರಾಗಿ ಅಲ್ಲಾಡಿಸು, ಹೆದರಬೇಡಮ್ಮ.